ಕೊಳವೆ ಬಾವಿಗಳ ಫ್ಲೋರೈಡ್ ನಕ್ಷೆಗೆ ಎದ್ದು ಕಾಣುವ ಹತ್ತು ಬಣ್ಣಗಳನ್ನು ಆರಿಸುವುದು ಹೇಗೆ?

ತಾಲ್ಲೂಕಿನ ಕೊಳವೆ ಬಾವಿಗಳ ಫ್ಲೋರೈಡ್ ಅಂಕಿಗಳನ್ನು ಹತ್ತು ಹಂತಗಳಾಗಿ ವಿಂಗಡಿಸಿದ್ದೀರಿ, ಹತ್ತೂ ಬೇರೆ ಬೇರೆಯಾಗಿ ಎದ್ದು ಕಾಣುವ ಬಣ್ಣಗಳು ಬೇಕು ಎಂದಿದ್ದೀರಿ. ವಿರಿಡಿಸ್ ಎಂಬ ಸಿದ್ಧ ಬಣ್ಣಪಟ್ಟಿ ಆಗುತ್ತದೆಯೇ ಎಂದೂ ಕೇಳಿದ್ದೀರಿ. ಇದೇ ನಕ್ಷೆಯನ್ನು ಇದೇ ಹತ್ತು ಹಂತಗಳಲ್ಲಿ ನಾನೂ ಮಾಡಿದ್ದೇನೆ. ಆಗ ನಾನು ಕುಡಿಯುವ ನೀರಿನ ವಿಷಯದಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಬಯಲುಸೀಮೆಯ ಒಂದು ತಾಲ್ಲೂಕು. ಮಾದರಿಗಳನ್ನು ಸರಿಯಾಗಿ ಪಡೆದಿದ್ದೆವು, ಪ್ರಯೋಗಾಲಯದ ಅಂಕಿಗಳೂ ಸರಿಯಾಗಿದ್ದವು. ಯಾವ ಊರುಗಳಿಗೆ ಮೊದಲು ಶುದ್ಧ ಕುಡಿಯುವ ನೀರಿನ ಘಟಕ ಕೊಡಬೇಕು ಎಂದು ತೀರ್ಮಾನಿಸುವ ಸಭೆಗೆ ನಕ್ಷೆ ಬೇಕಾಗಿತ್ತು.

ನಾನು ಆರಿಸಿದ್ದು ಕಾಮನಬಿಲ್ಲಿನ ಬಣ್ಣಗಳನ್ನು. ನಕ್ಷೆ, ಗ್ರಾಫ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ತಂತ್ರಾಂಶದಲ್ಲಿ ಆಗ ತಾನಾಗಿಯೇ ಬರುತ್ತಿದ್ದ ‘ಜೆಟ್’ ಎಂಬ ಬಣ್ಣಪಟ್ಟಿ ಅದು. ಕಡುನೀಲಿಯಿಂದ ಹೊರಟು ತಿಳಿನೀಲಿ, ಹಸಿರು, ಹಳದಿ, ಕಿತ್ತಳೆ ಬಣ್ಣಗಳನ್ನು ಹಾದು ಕಡುಗೆಂಪಿನಲ್ಲಿ ಮುಗಿಯುತ್ತದೆ. ಲೀಟರಿಗೆ 0ಯಿಂದ 4 ಮಿಲಿಗ್ರಾಂವರೆಗಿನ ಅಂಕಿಗಳನ್ನು ಅದರ ಮೇಲೆ ಹರಡಿದೆ. ಪರದೆಯ ಮೇಲೆ ನೋಡಿದವರೆಲ್ಲ ಚೆನ್ನಾಗಿದೆ ಎಂದರು.

ಸಭೆಗೆ ಹೋದದ್ದು ಪರದೆಯಲ್ಲ, ಅದರ ಜೆರಾಕ್ಸ್ ಪ್ರತಿಗಳು. ಎಲ್ಲವೂ ಕಪ್ಪು-ಬಿಳುಪು.

ಇಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಬಣ್ಣವನ್ನು ತೆಗೆದುಹಾಕಿದರೆ ಉಳಿಯುವುದು ಕಡು ಮತ್ತು ತಿಳಿ ಎಂಬ ವ್ಯತ್ಯಾಸ ಮಾತ್ರ. ಜೆಟ್ ಪಟ್ಟಿಯಲ್ಲಿ ಎರಡೂ ತುದಿಗಳು ಕಡು, ನಡುಭಾಗ ತಿಳಿ. ಆದ್ದರಿಂದ 0.3 ಮಿಲಿಗ್ರಾಂ ಇದ್ದ ಒಳ್ಳೆಯ ನೀರಿನ ಊರು, 4 ಮಿಲಿಗ್ರಾಂ ಇದ್ದ ಊರು, ಎರಡೂ ಜೆರಾಕ್ಸಿನಲ್ಲಿ ಒಂದೇ ಮಸಿ ಬಣ್ಣಕ್ಕೆ ತಿರುಗಿದವು. 2ರಿಂದ 2.5 ಮಿಲಿಗ್ರಾಂ ಇದ್ದ ಊರುಗಳು ಹಸಿರು-ಹಳದಿಯ ಭಾಗದಲ್ಲಿದ್ದವು, ಅವು ಕಾಗದದಷ್ಟೇ ಬೆಳ್ಳಗಾದವು. ಬಿಳಿ ಕಾಗದದ ಮೇಲೆ ಕಡುವಾದದ್ದೇ ಹೆಚ್ಚು ಎಂದು ಓದುವುದು ಎಲ್ಲರ ಕಣ್ಣಿನ ರೂಢಿ. ಯಾವ ಬಣ್ಣ ಎಷ್ಟು ಪ್ರಮಾಣ ಎಂದು ತಿಳಿಸುವ ಸೂಚಿಯಲ್ಲಿದ್ದ ಹತ್ತು ಚೌಕಗಳೂ ಬೂದು ಬಣ್ಣಕ್ಕೆ ತಿರುಗಿದ್ದರಿಂದ ಅದನ್ನು ನೋಡಿ ತಿದ್ದಿಕೊಳ್ಳುವ ದಾರಿಯೂ ಇರಲಿಲ್ಲ. ಸಭೆಯಲ್ಲಿದ್ದವರು ಕಪ್ಪಗೆ ಕಂಡ ಊರುಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿದರು. ಹಾಗೆ ಸುತ್ತು ಬಿದ್ದವುಗಳಲ್ಲಿ ಕೆರೆಯಂಚಿನ, ನೀರು ಚೆನ್ನಾಗಿಯೇ ಇದ್ದ ಊರುಗಳೂ ಇದ್ದವು. ಬೆಳ್ಳಗೆ ಕಂಡ ಊರುಗಳು ಘಟಕ ಕೊಡುವ ಊರುಗಳ ಪಟ್ಟಿಯಿಂದ ಬಿಟ್ಟುಹೋದವು. ನಾನು ತಪ್ಪನ್ನು ಗುರುತಿಸುವ ಹೊತ್ತಿಗೆ ಪಟ್ಟಿಗೆ ಮಂಜೂರಾತಿ ಸಿಕ್ಕಿತ್ತು. ಮುಂದಿನ ಅನುದಾನ ಬರುವವರೆಗೆ ಆ ಊರಿನವರು ಅದೇ ಕೊಳವೆ ಬಾವಿಯ ನೀರು ಕುಡಿದರು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿಸುವ ನೀರು ಅದು.

ಹಾಗಾಗಿ ಹತ್ತು ಬಣ್ಣಗಳ ಪಟ್ಟಿಯನ್ನು ನಾನು ಕೊಡುವುದಿಲ್ಲ. ಹತ್ತೂ ಬೇರೆ ಬೇರೆಯಾಗಿ ಕಾಣಬೇಕು ಎಂಬ ಬೇಡಿಕೆಯೇ ಈ ನಕ್ಷೆಗೆ ಹೊಂದುವುದಿಲ್ಲ. ಬೆಳೆಗಳ ನಕ್ಷೆಯಾಗಿದ್ದರೆ ಹೊಂದುತ್ತಿತ್ತು: ರಾಗಿ, ಜೋಳ, ಶೇಂಗಾ ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲೂ ಅಲ್ಲ, ಕೆಳಗೂ ಅಲ್ಲ, ಒಂದಕ್ಕೆ ಹಸಿರು, ಇನ್ನೊಂದಕ್ಕೆ ನೇರಳೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಫ್ಲೋರೈಡಿಗೆ ಏರುವ ಕ್ರಮವಿದೆ. ಆ ಕ್ರಮವನ್ನು ಬಣ್ಣದ ಹೆಸರು ಹೇಳಲಾರದು. ಹಸಿರು ದೊಡ್ಡದೋ ಕಿತ್ತಳೆ ದೊಡ್ಡದೋ ಎಂದು ಕೇಳಿದರೆ ಸೂಚಿ ನೋಡದೆ ಯಾರೂ ಹೇಳಲಾರರು. ತಿಳಿ ಹಳದಿ ದೊಡ್ಡದೋ ಕಡುಕಂದು ದೊಡ್ಡದೋ ಎಂದರೆ ಯಾರಾದರೂ ಹೇಳುತ್ತಾರೆ. ಫ್ರಾನ್ಸಿನ ಶಾರ್ಲ್ ದ್ಯುಪಾಂ 1826ರಲ್ಲಿ ತನ್ನ ದೇಶದ ಶಾಲಾ ಶಿಕ್ಷಣದ ನಕ್ಷೆಯನ್ನು ಮಾಡಿದಾಗ ಬರೀ ಕಪ್ಪು-ಬಿಳುಪಿನ ಛಾಯೆಗಳಿಂದಲೇ ಕೆಲಸ ಮುಗಿಸಿದ್ದ.

ನಿಮ್ಮ ಹಂತಗಳನ್ನು ನಾಲ್ಕಕ್ಕೆ ಇಳಿಸಿ. ಗಡಿಗಳನ್ನು ತಂತ್ರಾಂಶಕ್ಕೆ ಬಿಡಬೇಡಿ, ನೀವೇ ಹಾಕಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅನುಮತಿಯಿದೆ. ಗಡಿಗಳು ಅಲ್ಲೇ ಬೀಳಬೇಕು: 1ರವರೆಗೆ, 1ರಿಂದ 1.5, 1.5ರಿಂದ 3, ಮೂರಕ್ಕೂ ಮೇಲೆ. ಹತ್ತು ಸಮ ಭಾಗ ಮಾಡಿದಾಗ ನನ್ನ ನಕ್ಷೆಯಲ್ಲಿ ಒಂದು ಹಂತ 1.2ರಿಂದ 1.6ರವರೆಗೆ ಹರಡಿತ್ತು. ಕುಡಿಯಬಹುದಾದ ನೀರೂ ಕುಡಿಯಬಾರದ ನೀರೂ ಒಂದೇ ಬಣ್ಣದಲ್ಲಿ!

ಬಣ್ಣಗಳನ್ನು ಕಲರ್‌ಬ್ರೂವರ್‌ನಿಂದ ತೆಗೆದುಕೊಳ್ಳಿ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ನಕ್ಷಾಶಾಸ್ತ್ರಜ್ಞೆ ಸಿಂಥಿಯಾ ಬ್ರೂವರ್ ನಕ್ಷೆಗಳಿಗೆಂದೇ ರೂಪಿಸಿದ ಪಟ್ಟಿಗಳಿವು, ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿಯೂ ಸಿಗುತ್ತವೆ. ಅದರ ಜಾಲತಾಣದಲ್ಲಿ ‘ಬಣ್ಣಗುರುಡು ಇರುವವರಿಗೂ ತಿಳಿಯುವಂಥವು’ ಎಂದು ಸೋಸುವಂತೆಯೇ ‘ನಕಲು ಪ್ರತಿಯಲ್ಲೂ ಉಳಿಯುವಂಥವು’ ಎಂದು ಸೋಸುವ ಸೌಲಭ್ಯವಿದೆ. ಎರಡಕ್ಕೂ ಗುರುತು ಹಾಕಿ. ಹಳದಿಯಿಂದ ಕಿತ್ತಳೆ ಹಾದು ಕಂದಿಗೆ ಹೋಗುವ ಪಟ್ಟಿ ನನಗೆ ಇಷ್ಟ.

ಗಡಿ ಮೌಲ್ಯ ಇರುವುದರಿಂದ ನಡುವೆ ಬಿಳಿ, ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಇರುವ ಇಬ್ಬದಿಯ ಪಟ್ಟಿ ಬಳಸಿ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಪಾಠದಲ್ಲಿ ಅದು ಸರಿ. ಸರಾಸರಿಗಿಂತ ಮಳೆ ಎಷ್ಟು ಹೆಚ್ಚು, ಎಷ್ಟು ಕೊರತೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರ ತುದಿಗಳೂ ಎರಡೂ ಕಡು. ಜೆರಾಕ್ಸಿಗೆ ಹೋದರೆ ನನಗಾದದ್ದೇ ನಿಮಗೂ ಆಗುತ್ತದೆ. ಕಚೇರಿಗಳಲ್ಲಿ ಕೈಬದಲಾಗುವ ನಕ್ಷೆಗೆ ಅದು ಬೇಡ.

ವಿರಿಡಿಸ್ ಬಗ್ಗೆಯೂ ಕೇಳಿದ್ದೀರಿ. ಲೆಕ್ಕ ಮತ್ತು ಗ್ರಾಫ್‌ಗಳ ತಂತ್ರಾಂಶವಾದ ಮ್ಯಾಟ್‌ಲ್ಯಾಬ್ 2014ರಲ್ಲಿ ಜೆಟ್ಟನ್ನು ಮೂಲ ಆಯ್ಕೆಯ ಸ್ಥಾನದಿಂದ ಕೈಬಿಟ್ಟಿತು. ಮ್ಯಾಟ್‌ಪ್ಲಾಟ್‌ಲಿಬ್ 2017ರ 2.0 ಆವೃತ್ತಿಯಲ್ಲಿ ಅದರ ಜಾಗಕ್ಕೆ ವಿರಿಡಿಸನ್ನು ತಂದಿತು. ಅದು ಒಳ್ಳೆಯ ಪಟ್ಟಿ, ಹೊಳಪು ಒಂದೇ ದಿಕ್ಕಿನಲ್ಲಿ ಸಮನಾಗಿ ಏರುತ್ತದೆ, ಕೆಂಪು-ಹಸಿರು ಬೇರ್ಪಡಿಸಲಾರದವರಿಗೂ ತಿಳಿಯುತ್ತದೆ. ಆದರೆ ಅದರಲ್ಲಿ ಕಡಿಮೆ ಮೌಲ್ಯ ಕಡುನೇರಳೆ, ಹೆಚ್ಚಿನದು ಹಳದಿ. ಬಿಳಿ ಕಾಗದಕ್ಕೆ ಬಳಸುವುದಾದರೆ ತಿರುಗಿಸಿ ಬಳಸಿ.

ಮುದ್ರಿಸುವ ಮುಂಚೆ ಕ್ಯೂಜಿಐಎಸ್‌ನ ವ್ಯೂ ಪಟ್ಟಿಯಲ್ಲಿರುವ ಪ್ರಿವ್ಯೂ ಮೋಡ್ ತೆರೆಯಿರಿ. ಬೂದು ಛಾಯೆಯಲ್ಲಿಯೂ ಬಣ್ಣಗುರುಡಿನ ಬಗೆಗಳಲ್ಲಿಯೂ ನಕ್ಷೆ ಹೇಗೆ ಕಾಣುತ್ತದೆ ಎಂದು ಅಲ್ಲಿಯೇ ನೋಡಬಹುದು. ಅದರ ಮೇಲೂ ಒಂದು ಪ್ರತಿಯನ್ನು ಜೆರಾಕ್ಸ್ ಅಂಗಡಿಗೆ ಒಯ್ದು, ಆ ಜೆರಾಕ್ಸಿನ ಇನ್ನೊಂದು ಜೆರಾಕ್ಸ್ ತೆಗೆಸಿ ನೋಡಿ. ನಾಲ್ಕು ಛಾಯೆಗಳನ್ನು ಆಗಲೂ ಗುರುತಿಸಬಹುದಾದರೆ ಬಣ್ಣ ಸರಿಯಾಗಿದೆ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾವಿಗಳ ನಡುವಿನ ಜಾಗವನ್ನೆಲ್ಲ ಲೆಕ್ಕಹಾಕಿ ಬಣ್ಣ ತುಂಬಬೇಡಿ. ಪಕ್ಕಪಕ್ಕದ ಕೊಳವೆ ಬಾವಿಗಳಲ್ಲಿಯೇ ಫ್ಲೋರೈಡ್ ಪ್ರಮಾಣ ಬಹಳ ಬೇರೆಯಾಗಿರಬಹುದು. ಆಳ ಬದಲಾದರೂ, ಬಂಡೆ ಬದಲಾದರೂ ಅದು ಬದಲಾಗುತ್ತದೆ. ಪ್ರತಿ ಬಾವಿಗೂ ಒಂದು ವೃತ್ತ ಹಾಕಿ, ಅದರೊಳಗೆ ಬಣ್ಣ ತುಂಬಿ, ತಿಳಿ ಹಳದಿ ಕಾಗದದಲ್ಲಿ ಕರಗದಂತೆ ತೆಳುವಾದ ಕಪ್ಪು ಅಂಚು ಕೊಡಿ. 1.5 ಮೀರಿದ ಬಾವಿಗಳ ಪಕ್ಕದಲ್ಲಿ ಅಂಕಿಯನ್ನೇ ಬರೆದುಬಿಡಿ. ಪರೀಕ್ಷೆಯೇ ಆಗದ ಊರಿಗೆ ಪಟ್ಟಿಯ ಅತಿ ತಿಳಿ ಬಣ್ಣವನ್ನು ಯಾವ ಕಾರಣಕ್ಕೂ ಕೊಡಬೇಡಿ, ಅಲ್ಲಿನ ನೀರು ಚೆನ್ನಾಗಿದೆ ಎಂದು ಓದುತ್ತಾರೆ. ಅಂಥ ಊರಿಗೆ ಅಡ್ಡ ಗೀರಿನ ಗುರುತು ಹಾಕಿ, ಸೂಚಿಯಲ್ಲಿ ‘ಮಾದರಿ ಪಡೆದಿಲ್ಲ’ ಎಂದು ಬರೆಯಿರಿ. ಆ ಊರಿನವರು ಸಭೆಯಲ್ಲಿದ್ದರೆ ಯಾವಾಗ ಪಡೆಯುತ್ತೀರಿ ಎಂದು ಕೇಳುತ್ತಾರೆ, ಕೇಳಲಿ.