ಓದುಗರ ಪ್ರಶ್ನೆ: ವಿಜ್ಞಾನ ಕಥಾಪ್ರಿಯರ ಸಮಾವೇಶಕ್ಕೆ ಹೊರಡುವ ಮುನ್ನ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಹೆಚ್ಚು ಕಡಿಮೆ ಒಂದೇ ವಿಷಯದ ಬಗ್ಗೆ ಬಂದಿರುವ ನಾಲ್ಕು ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಸ್ಥಳಾಭಾವದಿಂದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. 2026ರ ಆಗಸ್ಟ್‌ನಲ್ಲಿ ಅವನ ಮನೆಗೆ ಹೋಗುವಾಗಲೇ ಅನಾಹೈಮ್ ನಗರದಲ್ಲಿ ನಡೆಯುವ ವಿಜ್ಞಾನ ಕಥಾಪ್ರಿಯರ ವಿಶ್ವ ಸಮಾವೇಶವಾದ ವರ್ಲ್ಡ್‌ಕಾನ್‌ಗೂ ಹೋಗಿ ಬರೋಣವೆಂದು ಹೆಸರು ನೋಂದಾಯಿಸಿದ್ದೇನೆ. ಕನ್ನಡ ಸಾಹಿತ್ಯ ಸಮ್ಮೇಳನಗಳನ್ನು ಕಂಡವನೇ ಹೊರತು ಇಂಥದ್ದನ್ನು ಕಂಡವನಲ್ಲ. ಐದು ದಿನಗಳನ್ನು ಹೇಗೆ ಕಳೆಯಬೇಕು? (ಚಿಕ್ಕಮಗಳೂರು)

ಉತ್ತರ: ಸಮ್ಮೇಳನದ ಅನುಭವ ನಿಮಗೆ ಒಂದು ಮಟ್ಟಿಗೆ ನೆರವಾಗುತ್ತದೆ, ಒಂದು ಮಟ್ಟಿಗೆ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಒಂದು ಪ್ರಧಾನ ವೇದಿಕೆ, ಅದರ ಪಕ್ಕಕ್ಕೆ ಒಂದೋ ಎರಡೋ ಸಮಾನಾಂತರ ವೇದಿಕೆಗಳಿರುತ್ತವೆ. ಪೆಂಡಾಲಿನಲ್ಲಿ ಕುರ್ಚಿ ಹಿಡಿದು ಕುಳಿತರೆ ಗೋಷ್ಠಿಗಳು ಒಂದರ ಹಿಂದೊಂದು ನಮ್ಮೆದುರಿಗೇ ನಡೆದುಹೋಗುತ್ತವೆ. ವರ್ಲ್ಡ್‌ಕಾನ್‌ನಲ್ಲಿ ಒಂದೇ ಹೊತ್ತಿಗೆ ಹಲವಾರು ಕೊಠಡಿಗಳಲ್ಲಿ ಬೇರೆ ಬೇರೆ ಚರ್ಚೆಗಳು ಆರಂಭವಾಗುತ್ತವೆ, ಒಂದರಲ್ಲಿ ಕುಳಿತರೆ ಉಳಿದವೆಲ್ಲ ಕೈತಪ್ಪಿದಂತೆಯೇ. ಆದ್ದರಿಂದ ಎಲ್ಲವನ್ನೂ ನೋಡಿಯೇ ತೀರುತ್ತೇನೆಂಬ ಹಟವನ್ನು ಊರಿನಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ಕಾರ್ಯಕ್ರಮ ಪಟ್ಟಿ ಸಾಮಾನ್ಯವಾಗಿ ಸಮಾವೇಶಕ್ಕೆ ಕೆಲವೇ ವಾರಗಳಿರುವಾಗ ಪ್ರಕಟವಾಗುತ್ತದೆ. ಅದು ಕೈಸೇರಿದ ಮೇಲೆ ದಿನಕ್ಕೆ ಎರಡು ಅಥವಾ ಮೂರು ಗೋಷ್ಠಿಗಳನ್ನಷ್ಟೇ ‘ಬಿಡಲಾಗದವು’ ಎಂದು ಗುರುತಿಸಿಕೊಳ್ಳಿ, ಪ್ರತಿಯೊಂದಕ್ಕೂ ಒಂದು ಪರ್ಯಾಯವನ್ನು ಬರೆದಿಟ್ಟುಕೊಳ್ಳಿ. ಜನಪ್ರಿಯ ಲೇಖಕರಿರುವ ಕೊಠಡಿ ಬೇಗ ತುಂಬುತ್ತದೆ, ತುಂಬಿದ ಮೇಲೆ ಬಾಗಿಲಲ್ಲಿ ನಿಲ್ಲಲೂ ಬಿಡುವುದಿಲ್ಲ. ಹೆಸರಾಂತರ ಬೆನ್ನು ಹತ್ತುವುದಕ್ಕಿಂತ ವಿಷಯವನ್ನು ನೋಡಿ ಆರಿಸುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಇಪ್ಪತ್ತು ಜನರಿರುವ ಸಣ್ಣ ಕೊಠಡಿಯಲ್ಲಿ ಭೌತಶಾಸ್ತ್ರ ಬಲ್ಲ ಕಥೆಗಾರರು ಬೆಳಕಿನ ವೇಗದ ಮಿತಿಯನ್ನು ಕಥೆಯೊಳಗೆ ಹೇಗೆ ನಿಭಾಯಿಸುತ್ತೇವೆಂದು ಹೇಳುವಾಗ ನಿಮ್ಮಂಥವರು ಕೇಳುವ ಒಂದು ಪ್ರಶ್ನೆಗೆ ಅಲ್ಲಿ ನಿಜವಾದ ಬೆಲೆಯಿದೆ. ಪ್ರಶ್ನೆ ಮಾತ್ರ ಪ್ರಶ್ನೆಯಾಗಿಯೇ ಇರಲಿ. ಮೈಕು ಸಿಕ್ಕಿತೆಂದು ಐದು ನಿಮಿಷ ಭಾಷಣ ಮಾಡುವವರನ್ನು ಕಂಡರೆ ಅಲ್ಲಿಯೂ ಸಭೆ ಮುಖ ಸಿಂಡರಿಸುತ್ತದೆ.

ಈ ಸಮಾವೇಶವನ್ನು ಯಾವುದೋ ಕಂಪನಿ ಲಾಭಕ್ಕಾಗಿ ನಡೆಸುತ್ತಿಲ್ಲ ಎಂಬುದನ್ನು ನೆನಪಿಡಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ಇನ್ನೂರು ಜನ ಓದುಗರು ಸೇರಿ ಆರಂಭಿಸಿದ್ದು, ಮಹಾಯುದ್ಧದ ಕಾರಣ 1942ರಿಂದ 1945ರವರೆಗೆ ನಿಂತದ್ದನ್ನು ಬಿಟ್ಟರೆ, ಇಂದಿಗೂ ಪ್ರತಿವರ್ಷ ಬೇರೆ ಬೇರೆ ಊರುಗಳಲ್ಲಿ ಅಭಿಮಾನಿ ಸ್ವಯಂಸೇವಕರ ದುಡಿಮೆಯಿಂದಲೇ ನಡೆದುಬರುತ್ತಿದೆ. ಬಾಗಿಲಲ್ಲಿ ನಿಮ್ಮ ಬ್ಯಾಡ್ಜು ನೋಡುವವರು ಸಂಬಳದ ಕಾವಲುಗಾರರಲ್ಲ, ನಿಮ್ಮ ಹಾಗೆಯೇ ದುಡ್ಡು ಕೊಟ್ಟು ಬಂದ ಸದಸ್ಯರಾಗಿರುವ ಸಾಧ್ಯತೆಯೇ ಹೆಚ್ಚು. ನೀವೂ ಒಂದು ದಿನ ಎರಡು ಗಂಟೆ ಸ್ವಯಂಸೇವಕರಾಗಿ ಹೆಸರು ಕೊಡಬಹುದು. ನೋಂದಣಿ ಮೇಜಿನ ಹಿಂದೆ ಚೀಲ ಹಂಚುತ್ತ ನಿಂತವರಿಗೆ ಸಿಗುವಷ್ಟು ಪರಿಚಯ ಗೋಷ್ಠಿಯ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಸಿಗುವುದಿಲ್ಲ.

ಲೇಖಕರೊಬ್ಬರೊಡನೆ ಹತ್ತು ಜನ ಒಂದು ಮೇಜಿನ ಸುತ್ತ ಕುಳಿತು ಗಂಟೆಹೊತ್ತು ಮಾತನಾಡುವ ಸಣ್ಣ ಬೈಠಕ್‌ಗಳಿರುತ್ತವೆ. ಅವಕ್ಕೆ ಮೊದಲೇ ಹೆಸರು ಬರೆಸಬೇಕು. ಹಸ್ತಾಕ್ಷರದ ಸಾಲಿಗೆ ಮನೆಯಿಂದ ಇಡೀ ಕಪಾಟನ್ನು ಹೊತ್ತೊಯ್ಯಬೇಡಿ, ಒಬ್ಬರಿಗೆ ಇಷ್ಟೇ ಪುಸ್ತಕವೆಂಬ ಮಿತಿ ಸಾಮಾನ್ಯವಾಗಿ ಇರುತ್ತದೆ. ಚಿತ್ರಕಲಾ ಪ್ರದರ್ಶನದಲ್ಲಿ ಪ್ರತಿ ಚಿತ್ರದ ಪಕ್ಕದ ಹಾಳೆಯಲ್ಲಿ ಕೊಳ್ಳುವವರು ತಮ್ಮ ಬೆಲೆಯನ್ನು ಬರೆಯುತ್ತ ಹೋಗುವ ಕ್ರಮವಿದೆ. ಅಲ್ಲಿ ಫೋಟೊ ತೆಗೆಯಬಾರದು. ಎರಡು ವರ್ಷಗಳ ನಂತರದ ಸಮಾವೇಶ ಎಲ್ಲಿ ನಡೆಯಬೇಕೆಂಬುದಕ್ಕೂ ಅಲ್ಲಿಯೇ ಮತದಾನ ನಡೆಯುತ್ತದೆ, ಅದಕ್ಕೆ ಪ್ರತ್ಯೇಕ ಶುಲ್ಕವಿದೆ.

ಆರೋಗ್ಯದ ವಿಷಯದಲ್ಲಿ ಉಪೇಕ್ಷೆ ಬೇಡ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಕ್ಯಾಲಿಫೋರ್ನಿಯಾದ ಗಡಿಯಾರಕ್ಕಿಂತ ಹನ್ನೆರಡೂವರೆ ಗಂಟೆ ಮುಂದಿರುತ್ತದೆ, ಎಂದರೆ ಅಲ್ಲಿನ ಮಧ್ಯಾಹ್ನದ ಗೋಷ್ಠಿ ನಿಮ್ಮ ದೇಹದ ಪಾಲಿಗೆ ನಡುರಾತ್ರಿ. ಸಮಾವೇಶ ಆಗಸ್ಟ್ 27ರಿಂದ 31ರವರೆಗೆ ಇರುವುದರಿಂದ ಒಂದು ವಾರ ಮೊದಲೇ ಮಗನ ಮನೆ ಸೇರಿ. ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಹೊತ್ತು ಸರಿಯಾದ ಊಟ, ಒಂದು ಸ್ನಾನ ಎಂಬ 5-2-1 ಸೂತ್ರವನ್ನು ಹಳೆಯ ಅಭಿಮಾನಿಗಳು ಹೊಸಬರಿಗೆ ತಮಾಷೆಯಾಗಿ ಹೇಳುವುದುಂಟು. ನಿಮ್ಮ ವಯಸ್ಸಿಗೆ ಐದನ್ನು ಏಳು ಮಾಡಿಕೊಳ್ಳಿ. ಇಂಥ ಕೂಟಗಳಿಂದ ಮರಳಿದವರಲ್ಲಿ ನೆಗಡಿ, ಕೆಮ್ಮು ಸಾಮಾನ್ಯ, ಹಾಗಾಗಿ ಕಿಕ್ಕಿರಿದ ಕೊಠಡಿಗಳಲ್ಲಿ ಮಾಸ್ಕ್ ಧರಿಸುವುದರಲ್ಲಿ ಸಂಕೋಚವೇನೂ ಬೇಡ. ಸಭಾಂಗಣಗಳ ಏಸಿ ಚಿಕ್ಕಮಗಳೂರಿನ ಡಿಸೆಂಬರನ್ನೂ ಮೀರಿಸಬಹುದು. ಹೊರಗೆ ಬಿಸಿಲಿದ್ದರೂ ಒಂದು ಸ್ವೆಟರ್ ಜೊತೆಗಿರಲಿ. ಸಸ್ಯಾಹಾರಿಗಳಾಗಿದ್ದರೆ ಚಟ್ನಿಪುಡಿ, ಕೋಡುಬಳೆ, ಒಗ್ಗರಣೆ ಹಾಕಿದ ಅವಲಕ್ಕಿ ಒಯ್ಯಿರಿ, ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತಿಂಡಿಯಿದೆಯೆಂದು ಮುಚ್ಚುಮರೆಯಿಲ್ಲದೆ ಹೇಳಿ. ಹಣ್ಣು, ತರಕಾರಿ ಬೇಡವೇ ಬೇಡ.

ಇನ್ನೊಂದು ಮಾತು. ಮಗನ ಮನೆ ದೂರವಿದ್ದರೆ ಅಲ್ಲಿಂದ ನಿತ್ಯ ಓಡಾಡುವ ಯೋಚನೆ ಬೇಡ, ಸಮಾವೇಶದವರು ಕಾಯ್ದಿರಿಸಿದ ಹೋಟೆಲುಗಳಲ್ಲೇ ಕೊಠಡಿ ಹಿಡಿಯಿರಿ. ವೇಷಭೂಷಣ ಸ್ಪರ್ಧೆ, ವಿಜ್ಞಾನ ಕಥಾಕೃತಿಗಳಿಗೆ ಸದಸ್ಯರೇ ಮತ ಹಾಕಿ ಕೊಡುವ ಹ್ಯೂಗೊ ಪ್ರಶಸ್ತಿಯ ಪ್ರದಾನ, ಅಭಿಮಾನಿಗಳೇ ಕಟ್ಟಿದ ಹಾಡುಗಳನ್ನು ಸುತ್ತ ಕುಳಿತು ಹಾಡುವ ‘ಫಿಲ್ಕ್’ ಕೂಟ, ಮುಂದಿನ ಸಮಾವೇಶಗಳನ್ನು ತಮ್ಮೂರಿಗೆ ಕರೆಯಬಯಸುವವರ ಔತಣ, ಇವೆಲ್ಲ ನಡೆಯುವುದು ಸಂಜೆಯ ಮೇಲೆ. ಕೊನೆಯ ರೈಲಿನ ಚಿಂತೆಯಲ್ಲಿರುವವರಿಗೆ ಇವು ಯಾವುವೂ ದಕ್ಕುವುದಿಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಬೆಂಗಳೂರಿನ ಕಾಮಿಕ್ ಕಾನ್‌ಗೆ ಗೆಳತಿಯರೊಡನೆ ಹೋಗಿ, ನಾನೇ ಕಲ್ಪಿಸಿದ ಗಗನಯಾತ್ರಿಯ ಕವಚ ಧರಿಸಬೇಕೆಂದಿದ್ದೇನೆ. ಖರ್ಚು ಹೆಚ್ಚಾಗಬಾರದು, ಬಸ್ಸಿನಲ್ಲಿ ಒಯ್ಯಬೇಕು. ಅಮ್ಮನಿಗೆ ಅಷ್ಟು ದೂರ ಕಳಿಸಲು ಭಯ. (ಹಾಸನ)

ಉತ್ತರ: ಕಾಮಿಕ್ ಕಾನ್ ಕೇವಲ ವಿಜ್ಞಾನ ಕಥೆಗಳ ಸಮಾವೇಶವಲ್ಲ, ಚಿತ್ರಕಥೆ, ಸಿನಿಮಾ, ಆಟಗಳು, ಮಾರಾಟದ ಮಳಿಗೆಗಳು ಎಲ್ಲವೂ ಅಲ್ಲಿರುತ್ತವೆ. ಆದರೆ ವೇಷ ಧರಿಸುವವರಿಗೆ ಅದಕ್ಕಿಂತ ಹತ್ತಿರದ ಅವಕಾಶ ನಿಮಗೆ ಸಿಗಲಾರದು.

ಕವಚಕ್ಕೆ ಥರ್ಮಾಕೋಲ್ ಬೇಡ. ಅದು ಬಸ್ಸಿನಲ್ಲಿ ಮುರಿಯುತ್ತದೆ, ಮೇಲಾಗಿ ಮಾಮೂಲಿ ಸ್ಪ್ರೇ ಪೇಂಟಿನಲ್ಲಿರುವ ದ್ರಾವಕ ತಗುಲಿದ ಕೂಡಲೇ ಕರಗಿ ಗುಳಿಬೀಳುತ್ತದೆ. ಯೋಗ ಮಾಡುವ ಮ್ಯಾಟು ಅಥವಾ ಮಕ್ಕಳು ಆಡಲು ನೆಲಕ್ಕೆ ಹಾಸುವ ಇವಿಎ ಫೋಮ್ ಹಾಳೆ ಸಾಕು. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ ಮೈಮೇಲೆ ಇಟ್ಟು ನೋಡಿ, ಆಮೇಲೆ ಫೋಮಿಗೆ ಗುರುತು ಹಾಕಿ, ಹೊಸ ಬ್ಲೇಡಿನ ಕಟ್ಟರ್‌ನಿಂದ ಒಂದೇ ಎಳೆತಕ್ಕೆ ಕತ್ತರಿಸಿ. ಬಿಸಿಗಾಳಿಯ ಗನ್ ಹಿಡಿದರೆ ಫೋಮಿನ ಮೇಲ್ಮೈಯ ಸಣ್ಣ ರಂಧ್ರಗಳು ಮುಚ್ಚಿ ನುಣುಪಾಗುತ್ತದೆ, ಬಿಸಿಯಿರುವಾಗಲೇ ತೊಡೆಯ ಮೇಲೆ ಒತ್ತಿ ಹಿಡಿದರೆ ಬೇಕಾದ ಬಾಗು ನಿಲ್ಲುತ್ತದೆ (ದಪ್ಪ ಬಟ್ಟೆಯನ್ನು ನಡುವೆ ಹಾಸಿಕೊಳ್ಳುವುದನ್ನು ಮರೆಯಬೇಡಿ). ನೀರು ಬೆರೆಸಿದ ಫೆವಿಕಾಲನ್ನು ಎರಡು ಮೂರು ಪದರ ಬಳಿದು ಒಣಗಿಸಿ ಅನಂತರ ಅಕ್ರಿಲಿಕ್ ಬಣ್ಣ ಹಚ್ಚಿದರೆ ಬಣ್ಣ ಹೀರಿಕೊಂಡು ಮಂಕಾಗುವುದಿಲ್ಲ. ಅಂಟಿಸಲು ಬಳಸುವ ರಬ್ಬರ್ ಗೋಂದಿನ ಘಾಟು ತಲೆ ತಿರುಗಿಸುವಂಥದ್ದು, ಹಾಸ್ಟೆಲ್ ಕೊಠಡಿಯ ಕಿಟಕಿ ಮುಚ್ಚಿಕೊಂಡು ಆ ಕೆಲಸ ಮಾಡಬೇಡಿ.

ಎದೆಕವಚ, ಭುಜ, ತೋಳು ಎಲ್ಲವೂ ಬಿಡಿ ಬಿಡಿಯಾಗಿದ್ದು ವೆಲ್ಕ್ರೋ ಪಟ್ಟಿಯಿಂದ ಕೂಡುವಂತಿದ್ದರೆ ಒಂದರೊಳಗೊಂದು ಜೋಡಿಸಿ ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ಬಸ್ಸಿನ ಸೀಟಿನ ಮೇಲಿನ ಜಾಗದಲ್ಲಿ ಇಡಬಹುದು. ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಕಟ್ಟಿಕೊಂಡು ಹೊರಬರುವಂತೆ ನೀವೂ ಸ್ಥಳಕ್ಕೆ ಹೋದ ಮೇಲೆ ಕಟ್ಟಿಕೊಳ್ಳಿ. ಮೆಟ್ರೋ ತಪಾಸಣೆಯ ಎದುರು ಹೆಲ್ಮೆಟ್ ಧರಿಸಿ ನಿಂತರೆ ಅನಗತ್ಯ ಮಾತುಕತೆಯಾಗುತ್ತದೆ. ಲೋಹದ ಕತ್ತಿ, ನಿಜದಂತೆ ಕಾಣುವ ಬಂದೂಕುಗಳಿಗೆ ಪ್ರವೇಶ ಸಿಗುವುದಿಲ್ಲ. ಸೂಜಿ ದಾರ, ಪಿನ್ನು, ಫೆವಿಕ್ವಿಕ್, ಹೆಚ್ಚುವರಿ ವೆಲ್ಕ್ರೋ ಇರುವ ಒಂದು ಡಬ್ಬಿ ಇಟ್ಟುಕೊಳ್ಳಿ. ಯಾರ ಸಹಾಯವೂ ಇಲ್ಲದೆ ಶೌಚಾಲಯಕ್ಕೆ ಹೋಗಿ ಬರಲು ಆಗುವುದೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಿ. ಅನುಭವವಿಲ್ಲದವರು ಮರೆಯುವುದು ಇದನ್ನೇ.

ಹಾದಿ ಸುಲಭ. ಇತ್ತೀಚಿನ ವರ್ಷಗಳಲ್ಲಿ ಇದು ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಆವರಣದಲ್ಲಿ ನಡೆದಿದೆ. ಟಿಕೆಟ್‌ನಲ್ಲಿ ಸ್ಥಳವನ್ನು ಖಚಿತಪಡಿಸಿಕೊಳ್ಳಿ. ಹಾಸನದಿಂದ ಬರುವ ಬಸ್ಸನ್ನು ಗೊರಗುಂಟೆಪಾಳ್ಯದಲ್ಲಿ ಇಳಿದು, ಅಥವಾ ರೈಲಿನಲ್ಲಿ ಬಂದರೆ ಯಶವಂತಪುರದಲ್ಲಿ ಇಳಿದು, ಹಸಿರು ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ವೈಟ್‌ಫೀಲ್ಡ್ ಕಡೆಗೆ ನೇರವಾಗಿ ಹೋಗಬಹುದು. ಒಂದೇ ದಿನದಲ್ಲಿ ಹೋಗಿ ಬರುವ ಸಾಹಸಕ್ಕಿಂತ ಒಂದು ರಾತ್ರಿ ಬಂಧುಗಳ ಮನೆಯಲ್ಲಿ ಉಳಿಯುವುದು ವಾಸಿ, ಅಮ್ಮನಿಗೂ ಸಮಾಧಾನ. ಅವರಿಗೆ ಇದನ್ನೂ ಹೇಳಿ: ಕೇಳದೆ ಫೋಟೊ ತೆಗೆಯುವುದು, ವೇಷ ನೋಡುವ ನೆಪದಲ್ಲಿ ಮೈಮುಟ್ಟುವುದು ಸಭ್ಯತೆಯಲ್ಲ, ಬೇಡವೆನ್ನುವ ಹಕ್ಕು ನಿಮಗಿದೆ. ಯಾರಾದರೂ ಮಿತಿಮೀರಿದರೆ ಸಂಘಟಕರ ಮೇಜಿಗೆ ಕೂಡಲೇ ದೂರು ಕೊಡಿ. ಗೆಳತಿಯರು ಗುಂಪಿನಿಂದ ಚದುರಿದರೆ ಎಲ್ಲಿ ಸೇರಬೇಕೆಂಬುದನ್ನು ಬಾಗಿಲು ದಾಟುವ ಮೊದಲೇ ಗೊತ್ತುಮಾಡಿಕೊಳ್ಳಿ, ಒಳಗೆ ಜನದಟ್ಟಣೆಯಲ್ಲಿ ಫೋನು ಸಿಗದಿರಬಹುದು.

ಪ್ರಶ್ನೆ: ಕಂಪನಿಯ ಕೆಲಸದ ಮೇಲೆ ವಿದೇಶಕ್ಕೆ ಹೋದಾಗ ಇಂಥ ಸಮಾವೇಶಕ್ಕೆ ಹೋಗಬೇಕೆಂಬ ಆಸೆಯಿದೆ. ಆದರೆ ನಾನು ಮಾತು ಕಡಿಮೆ, ಇಂಗ್ಲಿಷ್ ಕೂಡ ಸರಾಗವಲ್ಲ. ಅಪರಿಚಿತರೊಡನೆ ಏನು ಮಾತನಾಡಲಿ? (ಹಾಸನ)

ಉತ್ತರ: ಹಾಸನದವರು ಈ ಪ್ರಶ್ನೆ ಕೇಳಬಾರದು. ಭೂಸ್ಥಿರ ಕಕ್ಷೆಯ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ) ಉಪಗ್ರಹಗಳ ಮೂಲಕ ಇಡೀ ಜಗತ್ತಿಗೆ ಸಂಪರ್ಕ ಕಲ್ಪಿಸಬಹುದೆಂದು 1945ರಲ್ಲೇ ಲೇಖನ ಬರೆದು ವಿವರಿಸಿದವರು ವಿಜ್ಞಾನ ಕಥೆಗಾರರಾದ ಆರ್ಥರ್ ಸಿ. ಕ್ಲಾರ್ಕ್, ಸುಮಾರು 36,000 ಕಿಲೋಮೀಟರ್ ಎತ್ತರದ ಅದೇ ಕಕ್ಷೆಯಲ್ಲಿರುವ ಭಾರತದ ಉಪಗ್ರಹಗಳನ್ನು ಹಗಲಿರುಳು ಕಾಯುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಿಮ್ಮೂರಿನಲ್ಲಿದೆ. ಎಲ್ಲಿಂದ ಬಂದಿರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಷ್ಟನ್ನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದರೂ ಮುಂದಿನ ಅರ್ಧ ಗಂಟೆ ಮಾತನಾಡುವವರು ಅವರೇ, ನೀವು ತಲೆಯಾಡಿಸುತ್ತಿದ್ದರೆ ಸಾಕು.

ಮೊದಲ ಸಲ ಬಂದವರಿಗೆಂದೇ ಒಂದು ಪರಿಚಯ ಗೋಷ್ಠಿಯನ್ನು ಹಲವು ಸಮಾವೇಶಗಳಲ್ಲಿ ಇಡುತ್ತಾರೆ, ಅದನ್ನು ತಪ್ಪಿಸಬೇಡಿ. ಚಹಾ, ಕುರುಕಲು ಇಟ್ಟಿರುವ ಆತಿಥ್ಯದ ಕೊಠಡಿಯೊಂದಿರುತ್ತದೆ. ಗೋಷ್ಠಿಗಳ ನಡುವೆ ಅಲ್ಲಿ ಕುಳಿತುಕೊಳ್ಳಿ, ಪುಸ್ತಕವೊಂದು ಕೈಯಲ್ಲಿರಲಿ. ಅದರ ಮುಖಪುಟ ನೋಡಿ ಯಾರೋ ಒಬ್ಬರು ತಾವಾಗಿಯೇ ಮಾತಿಗೆಳೆಯುವುದು ಅಲ್ಲಿ ತೀರ ಸಾಮಾನ್ಯ. ಗದ್ದಲ ಸಾಕೆನಿಸಿದಾಗ ಎದ್ದು ಕೊಠಡಿಗೆ ಹೋಗಿ ಮಲಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ವಿದೇಶಕ್ಕೆ ಹೋಗುವಷ್ಟು ಅನುಕೂಲ ನನಗಿಲ್ಲ. ಊರಿನಲ್ಲಿದ್ದುಕೊಂಡೇ ವರ್ಲ್ಡ್‌ಕಾನ್‌ನಲ್ಲಿ ಭಾಗವಹಿಸುವ ದಾರಿಯಿದೆಯೇ? ಕನ್ನಡದ ಕಥೆಗಳಿಗೆ ಅಲ್ಲಿ ಜಾಗವಿದೆಯೇ? (ಕಡೂರು)

ಉತ್ತರ: ಎರಡಕ್ಕೂ ಹೌದು. ವರ್ಲ್ಡ್‌ಕಾನ್ ಇದುವರೆಗೆ ಭಾರತಕ್ಕೆ ಬಂದಿಲ್ಲ, ಆದರೆ ಪ್ರವಾಸ ಮಾಡದವರಿಗೆ ಕಡಿಮೆ ಶುಲ್ಕದ ಸದಸ್ಯತ್ವವಿದ್ದು, ಅದರಿಂದ ಹ್ಯೂಗೊ ಪ್ರಶಸ್ತಿಗೆ ಕೃತಿಗಳನ್ನು ಸೂಚಿಸುವ ಮತ್ತು ಮತ ಹಾಕುವ ಹಕ್ಕು ಬರುತ್ತದೆ. 1953ರಲ್ಲಿ ಆರಂಭವಾದ ಈ ಪ್ರಶಸ್ತಿಯನ್ನು ತೀರ್ಪುಗಾರರ ಮಂಡಳಿ ಕೊಡುವುದಲ್ಲ, ಸದಸ್ಯರೇ ತಮ್ಮ ಮೆಚ್ಚುಗೆಯ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಆರಿಸುತ್ತಾರೆ. ಯಾವುದೂ ಯೋಗ್ಯವಲ್ಲವೆನಿಸಿದರೆ ಹಾಗೆಂದು ಮತ ಹಾಕಲೂ ಅವಕಾಶವಿದೆ. ಅಂತಿಮ ಸುತ್ತಿಗೆ ಬಂದ ಕೃತಿಗಳಲ್ಲಿ ಬಹಳಷ್ಟನ್ನು ಪ್ರಕಾಶಕರು ಮತದಾರರಿಗೆ ಓದಲೆಂದು ಇ-ಪುಸ್ತಕವಾಗಿ ಕೊಡುವ ರೂಢಿಯಿದೆ. ಕಡೂರಿನಲ್ಲಿ ಕುಳಿತ ಓದುಗನಿಗೆ ಅದೊಂದೇ ಸದಸ್ಯತ್ವದ ಹಣವನ್ನು ತೀರಿಸುತ್ತದೆ.

ಕೃತಿ ಯಾವ ಭಾಷೆಯಲ್ಲಿದ್ದರೂ ಅದು ಪ್ರಕಟವಾದ ಮರುವರ್ಷ ಅರ್ಹವಾಗುತ್ತದೆ. ಇಂಗ್ಲಿಷೇತರ ಭಾಷೆಯ ಕೃತಿ ಮುಂದೆ ಇಂಗ್ಲಿಷಿಗೆ ಮೊದಲ ಬಾರಿ ಅನುವಾದಗೊಂಡಾಗ ಅದಕ್ಕೆ ಎರಡನೆಯ ಅವಕಾಶವೂ ಸಿಗುತ್ತದೆ. 2015ರಲ್ಲಿ ಚೀನೀ ಭಾಷೆಯಿಂದ ಬಂದ ಕಾದಂಬರಿಯೊಂದು ಅತ್ಯುತ್ತಮ ಕಾದಂಬರಿ ವಿಭಾಗದಲ್ಲಿ ಗೆದ್ದಿತು, ಅನುವಾದಿತ ಕೃತಿಗೆ ಆ ವಿಭಾಗದಲ್ಲಿ ಬಂದ ಮೊದಲ ಪ್ರಶಸ್ತಿ ಅದು. ಮತದಾರರು ಓದಬಲ್ಲ ಭಾಷೆಯಲ್ಲಿಲ್ಲದ ಕಥೆ ಗೆಲ್ಲುವುದು ಕಷ್ಟವೆಂಬುದು ನಿಜ, ಆದ್ದರಿಂದ ನೀವು ಮೆಚ್ಚಿದ ಕನ್ನಡ ಕಥೆಗೆ ಮೊದಲು ಒಬ್ಬ ಒಳ್ಳೆಯ ಅನುವಾದಕರನ್ನು ಹುಡುಕುವುದು ಲೇಸು. 7,500 ಪದಗಳೊಳಗಿನ ಕೃತಿ ಸಣ್ಣಕಥೆಯ ವಿಭಾಗಕ್ಕೆ ಸೇರುತ್ತದೆ, ಕಾದಂಬರಿಗೆ ಕನಿಷ್ಠ 40,000 ಪದಗಳಿರಬೇಕು. ಮುಂದಿನ ಸಮಾವೇಶ 2027ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಯಲಿದೆ. ಹೆಸರು ಸೂಚಿಸುವ ಅವಧಿ ವರ್ಷದ ಮೊದಲ ತಿಂಗಳುಗಳಲ್ಲೇ ಮುಗಿದುಹೋಗುವುದರಿಂದ 2026ರ ಡಿಸೆಂಬರ್ ಮುಗಿಯುವುದರೊಳಗೆ ಸದಸ್ಯರಾಗಿ. ಶುಲ್ಕವನ್ನು ವಿದೇಶೀ ಹಣದಲ್ಲಿ ಕಟ್ಟಬೇಕಾಗಬಹುದಾದ್ದರಿಂದ ನಿಮ್ಮ ಕಾರ್ಡಿಗೆ ಅಂತರರಾಷ್ಟ್ರೀಯ ಪಾವತಿಯ ಅನುಮತಿ ಇದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.