ಮಾಜಾಳಿಯ ಕೇಸು, ಲಂಡನ್ನಿನ ಫಾರ್ಮು

ಪ್ರಶ್ನೆ: 2017ರಲ್ಲಿ ಗೋವಾದಿಂದ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಬಾಟಲಿ ಸಿಕ್ಕಿ ಅಬಕಾರಿ ಕೇಸ್ ಆಯ್ತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದೆ. ಈಗ ಲಂಡನ್ನಿನಲ್ಲಿರುವ ಮಗಳು ಮೇ ತಿಂಗಳಿಗೆ ನಮ್ಮಿಬ್ಬರನ್ನೂ ಕರೆದಿದ್ದಾಳೆ. ನನ್ನ ಪಾಸ್‌ಪೋರ್ಟ್ ಇನ್ನೂ ಆಗಿಲ್ಲ. ಏಜೆಂಟ್ ‘ಎಲ್ಲ ಕಡೆ ನೋ ಅಂತ ಹಾಕಿ, ಯಾರು ನೋಡ್ತಾರೆ’ ಎನ್ನುತ್ತಾನೆ. ಹೆಂಡತಿಗೆ ಈ ಕೇಸಿನ ವಿಷಯ ಗೊತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಕಾರವಾರ

ಉತ್ತರ: ಆ ಏಜೆಂಟನ ಮಾತು ಅರ್ಧ ಸರಿ ಮಾರಾಯ್ರೆ, ಅದೇ ಅಪಾಯ.

ಪಾಸ್‌ಪೋರ್ಟ್ ಫಾರ್ಮಿನಲ್ಲಿ ಕೇಳುವುದು ಮುಖ್ಯವಾಗಿ ಎರಡು. ಕಳೆದ 5 ವರ್ಷದಲ್ಲಿ 2 ವರ್ಷ ಅಥವಾ ಜಾಸ್ತಿ ಜೈಲು ಶಿಕ್ಷೆ ಆಗಿದೆಯಾ? ಈಗ ಯಾವುದಾದರೂ ಕ್ರಿಮಿನಲ್ ಕೇಸ್ ಬಾಕಿ ಇದೆಯಾ? ನಿಮಗೆ ಆಗಿದ್ದು ಬರೀ ದಂಡ, ಕೇಸೂ ಮುಗಿದಿದೆ. ಹಾಗಾಗಿ ಇಲ್ಲಿ ‘ಇಲ್ಲ’ ಅನ್ನುವುದೇ ನಿಜ.

ಆದರೆ ನಿಜವಾಗಿ ಮುಗಿದಿದೆಯಾ? ದಂಡ ಕಟ್ಟಿದ ರಸೀದಿ ಸಾಲದು. ಕೋರ್ಟಿಗೆ ಹೋಗಿ ನಕಲು ಅರ್ಜಿ ಹಾಕಿ, ಆದೇಶದ ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ. ಮನೆಗೆ ಬಂದ ಪೊಲೀಸರು ಹಳೆಯ ಕೇಸಿನ ಬಗ್ಗೆ ಕೇಳಿದರೆ ಆ ಹಾಳೆ ಮುಂದಿಟ್ಟರಾಯ್ತು. ಅಕಸ್ಮಾತ್ ಕೇಸ್ ಬಾಕಿಯೇ ಇದೆ ಅಂತಾದರೂ ದಾರಿ ಇದೆ. 1993ರ ಅಧಿಸೂಚನೆ ಪ್ರಕಾರ, ವಿಚಾರಣೆ ನಡೆಸುವ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡುತ್ತಾರೆ, ಅವಧಿ ಎಷ್ಟು ಅಂತ ಕೋರ್ಟ್ ಹೇಳದಿದ್ದರೆ 1 ವರ್ಷದ್ದು. ಮುಚ್ಚಿಟ್ಟರೆ ಮಾತ್ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ 2 ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈಗ ಬ್ರಿಟನ್ ವೀಸಾಕ್ಕೆ ಬರೋಣ. ಅವರು ಯಾವ ದೇಶದಲ್ಲಾದರೂ ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. 5 ವರ್ಷ, 2 ವರ್ಷ ಅನ್ನುವ ಲೆಕ್ಕವೇ ಇಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೂ ಶಿಕ್ಷೆಯೇ. ಪಾಸ್‌ಪೋರ್ಟಿನಲ್ಲಿ ನಿಜವಾಗಿದ್ದ ಅದೇ ‘ಇಲ್ಲ’ ಇಲ್ಲಿ ಸುಳ್ಳಾಗುತ್ತದೆ! ‘ಹೌದು’ ಅಂದರೆ ಹೆದರುವಂಥದ್ದು ಜಾಸ್ತಿ ಏನಿಲ್ಲ. ಜೈಲಿಲ್ಲದ ಶಿಕ್ಷೆಯಾಗಿ 12 ತಿಂಗಳು ದಾಟಿರದಿದ್ದರೆ ಮಾತ್ರ ಆ ಕಾರಣಕ್ಕೆ ವೀಸಾ ತಿರಸ್ಕರಿಸಲೇಬೇಕು ಅನ್ನುವ ನಿಯಮ ಇದೆ. ಅದು ನಿಮಗೆ ತಾಗುವುದಿಲ್ಲ, ನಿಮ್ಮದಕ್ಕಂತೂ ಎಷ್ಟೋ ವರ್ಷ ಆಯ್ತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ 10 ವರ್ಷ ಆ ಕಡೆ ತಲೆ ಹಾಕುವಂತಿಲ್ಲ. ಮಗಳ ಬಾಣಂತನ ಅದು ಇದು ಅಂತ ಮುಂದೆ ಹೋಗಬೇಕಾಗುತ್ತದೆ ಅಲ್ವಾ, ಆಗ? ಏಜೆಂಟ್ ದುಡ್ಡು ತಗೊಂಡು ಆಚೆ ಇರುತ್ತಾನೆ, ಫಾರ್ಮಿನಲ್ಲಿರುವುದು ನಿಮ್ಮ ಹೆಸರು.

ಅಂದಹಾಗೆ, ಎಲ್ಲ ದೇಶದ್ದೂ ಒಂದೇ ಲೆಕ್ಕ ಅಲ್ಲ. ಅಮೆರಿಕದ ಫಾರ್ಮಿನಲ್ಲಿ ಬರೀ ಅರೆಸ್ಟ್ ಆಗಿದ್ದರೂ ಹೇಳಬೇಕು. ಕೆನಡಾ 2018ರ ಡಿಸೆಂಬರ್‌ನಿಂದ ಕುಡಿದು ಗಾಡಿ ಓಡಿಸುವುದನ್ನು ಗಂಭೀರ ಅಪರಾಧದ ಸಾಲಿಗೆ ಸೇರಿಸಿದೆ. ನಿಮ್ಮದು ಡಿಕ್ಕಿಯಲ್ಲಿತ್ತು, ಹೊಟ್ಟೆಯಲ್ಲಿ ಅಲ್ಲ, ಪುಣ್ಯ.

ಹೆಂಡತಿ ವಿಷಯ. ವೀಸಾ ಫಾರ್ಮ್ ಒಬ್ಬೊಬ್ಬರದು ಬೇರೆ ಬೇರೆ, ಆದರೆ ಫೈಲು ಇರುವುದು ಒಂದೇ ಕಪಾಟಿನಲ್ಲಿ. ಏಜೆಂಟನ ಬಾಯಿಂದ ಗೊತ್ತಾಗುವ ಮೊದಲು ಒಂದು ಸಂಜೆ ಟಾಗೋರ್ ಬೀಚಿಗೆ ಕರೆದುಕೊಂಡು ಹೋಗಿ ನೀವೇ ಹೇಳಿಬಿಡಿ. ನಾಲ್ಕು ದಿನ ಮುಖ ಊದಿಸಿಕೊಂಡಾರು.

ಬರುವಾಗ ಕಸ್ಟಮ್ಸಿನವರು ತಲೆಗೆ 2 ಲೀಟರ್ ಮದ್ಯ ಸುಂಕವಿಲ್ಲದೆ ಬಿಡುತ್ತಾರೆ. ಆದರೆ ನೀವು ಇಳಿಯುವುದು ಗೋವಾದಲ್ಲಾದರೆ, ಕಾರವಾರದ ದಾರಿಯಲ್ಲಿ ಮತ್ತೆ ಅದೇ ಮಾಜಾಳಿ ಸಿಗುತ್ತದೆ, ನೆನಪಿರಲಿ.