ಆಯಿ ಅತ್ತಿದ್ದನ್ನ ಯಾವ ಕಾಲಮಿನ್ಯಾಗ ಹಾಕ್ಲಿರಿ?

ನಾನು ಆಪ್ತಸಮಾಲೋಚಕಿ. ಜನರನ್ನು ಮಾತಾಡಿಸಿ ಪಿಎಚ್‌ಡಿ ಮಾಡುವವರು ಈಚೆಗೆ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6ರಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿರುವಾಗ ಮುಳುಗಡೆಯ ವಿಷಯ ಹಿಡಿಯುವವರು ಇನ್ನೂ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿ.

ಈಕೆ ಬಾಗಲಕೋಟೆ ಕಡೆಯವಳು. ಹಿನ್ನೀರಿಗೆ ಮನೆ ಬಿಟ್ಟ 22 ಹೆಂಗಸರ ಮಾತು ರೆಕಾರ್ಡ್ ಮಾಡಿದ್ದಳು. ತಿಂಗಳುಗಟ್ಟಲೆ ಆ ಫೈಲು ತೆರೆದಿರಲಿಲ್ಲ, ನಿದ್ದೆಯೂ ಇರಲಿಲ್ಲ. ಗೈಡ್ ಮಾತ್ರ "22 ಸಾಲದು, ನೂರು ಮಾಡು, ಶೇಕಡಾವಾರು ತೆಗಿ" ಅಂತಿದ್ದರು.

ಒಂದು ದಿನ ನಾನು ನಿದ್ದೆಯ ಮಾತು ಬಿಟ್ಟು, ಯಾವ ಫೈಲು ತೆರೆಯಲು ಜಾಸ್ತಿ ಭಯ ಅಂತ ಕೇಳಿದೆ. ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಬಹಳ ಹೊತ್ತು ಕೂತಳು. ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಒಬ್ಬ ಆಯಿ, ಅಂದರೆ ಅಜ್ಜಿ, ಹಳೇ ಮನೆಯ ಕಟ್ಟೆ ಎಷ್ಟಗಲ ಇತ್ತು ಅಂತ ಎರಡೂ ಕೈ ಚಾಚಿ ತೋರಿಸುತ್ತಲೇ ಅಳಲು ಶುರು ಮಾಡಿದಳಂತೆ. ಆಮೇಲೆ ಮನೆಯೊಳಗಿನ ಏನನ್ನೋ ಹೇಳಿ, "ಯಾರ ಮುಂದೂ ಹೇಳಬ್ಯಾಡವಾ" ಅಂದಳಂತೆ. ರೆಕಾರ್ಡರ್ ಆನ್ ಇತ್ತು.

"ಆಯಿ ಅತ್ತಿದ್ದನ್ನ ಯಾವ ಕಾಲಮಿನ್ಯಾಗ ಹಾಕ್ಲಿರಿ ಮೇಡಂ?"

ಆಯಿ ಏನು ಹೇಳಿದಳು ಅಂತ ನಾನು ಕೇಳಲಿಲ್ಲ. ಕೇಳಬಾರದಿತ್ತು ಕೂಡ.

ಹೊಸ ಸಂದರ್ಶನ ಸದ್ಯಕ್ಕೆ ಬೇಡ ಅಂದೆ. ರೆಕಾರ್ಡರ್ ಇಲ್ಲದೆ ಆಯಿ ಹತ್ತಿರ ಹೋಗು, ಆ ಮಾತನ್ನು ಬಳಸಲೋ ಅಳಿಸಲೋ ಕೇಳು, ಬೇಡ ಅಂದರೆ ಅಳಿಸು, ಪ್ರಬಂಧ ಬಿದ್ದುಹೋಗಲ್ಲ. ಒಂದು ತಾಸಿನ ಮಾತು ಬರೆದಿಳಿಸಲು ನಾಲ್ಕಾರು ತಾಸು ಬೇಕು, ರಾತ್ರಿ ಒಬ್ಬಳೇ ಕೇಳಬೇಡ. ಪ್ರತಿ ಫೈಲು ಮುಗಿದ ಮೇಲೆ ನಿನಗೇನನಿಸಿತು ಅಂತ ಅರ್ಧ ಪುಟ ಬರಿ. ಅದೂ ಸಂಶೋಧನೆಯೇ. ಗೈಡಿಗೂ ಒಂದು ಪುಟ ಕೊಡು: ಕೊನೆಯ ಸಂದರ್ಶನಗಳಲ್ಲಿ ಹೊಸದು ಬರುತ್ತಿಲ್ಲ, ಈ ವಿಧಾನದಲ್ಲಿ ಎಷ್ಟು ಜನ ಸಾಕು ಅನ್ನುವುದು ಅದರ ಮೇಲೆ ನಿಂತಿದೆ, ನೂರು ಜನರ ಶೇಕಡಾವಾರು ಬೇರೆಯೇ ಪ್ರಶ್ನೆಗೆ ಉತ್ತರ. ಪಿಎಚ್‌ಡಿ ಅವಧಿ ಮುಗಿದೀತೆಂಬ ಗಾಬರಿಯೂ ಅವಳಿಗಿತ್ತು. ಯುಜಿಸಿಯ 2022ರ ನಿಯಮದಲ್ಲಿ ಆರು ವರ್ಷ ಇದೆ, ಹೆಣ್ಣುಮಕ್ಕಳಿಗೆ ಇನ್ನೂ ಸಡಿಲಿಕೆ ಇದೆ ಅಂತ ತೋರಿಸಿದೆ.

ಸಂಶೋಧನೆಯ ಉಸಾಬರಿ ನಿಮಗ್ಯಾಕೆ ಅಂತ ಪರಿಚಯದ ಪ್ರಾಧ್ಯಾಪಕರೊಬ್ಬರು ಕೇಳಿದರು. ನಿದ್ದೆ ಕೆಡಿಸಿದ್ದು ಆ ಫೈಲಿನಲ್ಲಿದ್ದಾಗ ಸುಮ್ನೆ ಉಸಿರಾಟದ ವ್ಯಾಯಾಮ ಹೇಳಿ ಕಳಿಸುವುದು ನನ್ನಿಂದಾಗಲ್ಲ. ಗೈಡುಗಳಿಗೂ ಒಂದು ಮಾತು. ಹಳ್ಳಿಯಿಂದ ಬಂದ ವಿದ್ಯಾರ್ಥಿಯನ್ನು ಎಷ್ಟಾಯ್ತು ಅಂತ ಕೇಳುವ ಮೊದಲು, ಯಾರ ಮಾತು ತಲೆಯಲ್ಲೇ ಉಳೀತು ಅಂತ ಕೇಳಿ. ಈಕೆಯನ್ನು ಅಷ್ಟು ದಿನ ಯಾರೂ ಕೇಳಿರಲಿಲ್ಲ.

ಆಯಿ "ಹೆಸರು ಬ್ಯಾಡ, ಮಾತು ಇರ್ಲಿ" ಅಂದಿದ್ದಾಳೆ. ಗೈಡ್ ನೂರು ಬಿಟ್ಟು ಇನ್ನೂ ಹತ್ತು ಸಾಕು ಅನ್ನುತ್ತಿದ್ದಾರೆ. ಆ ಹತ್ತು ಯಾಕೆ ಅಂತ ಅವಳೇ ಹೋಗಿ ಕೇಳುತ್ತಾಳಂತೆ.